ನಂದಿಗೆ ಹೋಗುವ ದಾರಿ

ಬೆಂಗಳೂರಿನಿಂದ ಬಡಗಣಕ್ಕೆ ಹೊರಟು ದೇವನಹಳ್ಳಿಯನ್ನು ದಾಟಿದೊಡನೆ, ಬಯಲಿನ ಅಂಚಿನಲ್ಲಿ ಒಂದು ಹೆಬ್ಬಂಡೆಯು ತಲೆಯೆತ್ತಿ ನಿಂತಿರುವುದನ್ನು ನಾವೆಲ್ಲರೂ ಬಲ್ಲೆವು. ಅದೇ ನಂದಿದುರ್ಗ, ಸಮುದ್ರಮಟ್ಟಕ್ಕಿಂತ 4,851 ಅಡಿ ಎತ್ತರ. ಇಂದು ಮೋಟಾರಿನಲ್ಲಿ ಕುಳಿತವರನ್ನು ರಸ್ತೆಯೇ ಸುತ್ತಿ ಸುತ್ತಿ ಮೇಲಕ್ಕೊಯ್ಯುತ್ತದೆ. ಸೂರ್ಯೋದಯವನ್ನು ನೋಡಿ, ಮಂಜನ್ನು ಹೊಗಳಿ, ಮಧ್ಯಾಹ್ನದೊಳಗೆ ಮನೆಗೆ ಮರಳುತ್ತೇವೆ. ಆದರೆ ದಾರಿಯೆಂಬುದು ಈ ಬೆಟ್ಟಕ್ಕೆ ಒಂದು ಕಾಲದಲ್ಲಿ ಉಪಕಾರವಾಗಿರಲಿಲ್ಲ, ವಿಪತ್ತಾಗಿತ್ತು.

ಪ್ರಯಾಣದ ಮೊದಲ ಪಾಠ ದೇವನಹಳ್ಳಿಯಲ್ಲಿಯೇ ದೊರೆಯುತ್ತದೆ. 1749ರಲ್ಲಿ ಮೈಸೂರಿನ ಸೈನ್ಯವು ಇದನ್ನು ಮುತ್ತಿದಾಗ ಹೈದರನೆಂಬ ತರುಣ ಯೋಧನ ಸಾಹಸವು ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿದ್ದಿತು. ಟಿಪ್ಪುವು ಹುಟ್ಟಿದುದೂ ಇದೇ ಊರಿನಲ್ಲಿ. ಬಯಲಿನ ಕೋಟೆಯಾದುದರಿಂದ ಇದರ ರಕ್ಷಣೆಯೆಲ್ಲ ಮನುಷ್ಯನು ಕಟ್ಟಿದ ಗೋಡೆಯದು. ನಂದಿಯ ಸಂಗತಿ ಬೇರೆ. ಮೂರು ಕಡೆಗಳಲ್ಲಿ ಕಡಿದಾದ ಬಂಡೆ. ಪಡುವಣ ಒಂದು ಇಳಿಜಾರು ಮಾತ್ರ ಹತ್ತಲು ಸಾಧ್ಯವಾದುದು. ಹೈದರ್ ಟಿಪ್ಪುಗಳು ಅಲ್ಲಿ ಗೋಡೆಗಳನ್ನು ಬಲಪಡಿಸಿದರು. ಆದರೂ ದುರ್ಗದ ನಿಜವಾದ ಬಲವು ಗೋಡೆಯಲ್ಲಿರಲಿಲ್ಲ. ದಾರಿ ಇಲ್ಲದಿರುವುದೇ ಅದರ ಬಲವಾಗಿತ್ತು.

1791ರಲ್ಲಿ ಕಾರ್ನ್‌ವಾಲಿಸನ ದಂಡು ಬಂದಾಗ ಮೊದಲು ಮಾಡಿದ ಕೆಲಸವು ಗುಂಡು ಹಾರಿಸುವುದಲ್ಲ, ದಾರಿ ಕಡಿಯುವುದು. ಬೆಟ್ಟದ ಆ ಇಳಿಜಾರಿನಲ್ಲಿ ದಿನಗಟ್ಟಲೆ ದುಡಿದು ಫಿರಂಗಿಗಳನ್ನು ಮೇಲಕ್ಕೇರಿಸಿದರು. ಎಳೆಯಲು ಆನೆಗಳು ಬೇಕಾದುವು. ಮೂರು ವಾರಗಳ ಮುತ್ತಿಗೆಯಾದ ಮೇಲೆ, ಅಕ್ಟೋಬರ್ 19ರಂದು, ಬೆಳುದಿಂಗಳಿನಲ್ಲಿ ಜನರಲ್ ಮೆಡೋಸನ ಮುಂದಾಳುತನದಲ್ಲಿ ಲಗ್ಗೆಯಾಯಿತು. ಒಳಗಿನವರು ಬಂಡೆಗಳನ್ನು ಉರುಳಿಸಿ ಹೋರಾಡಿದರು. ಆದರೆ ಫಿರಂಗಿಯು ಹತ್ತಿದ ದಿನವೇ ದುರ್ಗವು ಸೋತಿತ್ತೆನ್ನಬೇಕು.

ಅಲ್ಲಿಂದ ಮುಂದೆ ಬೆಟ್ಟಕ್ಕೆ ಬಂದವರು ಬೇರೆ ಬಗೆಯವರು. ಕಮೀಷನರ್ ಕಬ್ಬನ್ ಬೇಸಿಗೆಯ ತಂಪಿಗಾಗಿ ಇಲ್ಲಿ ಮನೆ ಮಾಡಿದನು. 1927ರಲ್ಲಿ ಗಾಂಧೀಜಿ ಆರೋಗ್ಯಕ್ಕಾಗಿ ತಂಗಿದರು. 1986ರಲ್ಲಿ ದಕ್ಷಿಣ ಏಷ್ಯದ ರಾಷ್ಟ್ರನಾಯಕರು ಇಲ್ಲಿ ಕಲೆತರು. ದುರ್ಗವು ಗಿರಿಧಾಮವಾಯಿತು.

ಆದುದರಿಂದ ಮುಂದಿನ ಸಲ ಹೋದಾಗ ನಾವು ಎರಡು ಕಡೆ ನಿಲ್ಲೋಣ. ತಪ್ಪಲಿನ ಭೋಗನಂದೀಶ್ವರನಲ್ಲಿ ಒಮ್ಮೆ. ಒಂಬತ್ತನೆಯ ಶತಮಾನದಿಂದಲೂ ಆ ಗುಡಿಯು ಅರಸರು ಬದಲಾಗುವುದನ್ನು ನೋಡಿದೆ. ಮತ್ತೊಮ್ಮೆ ಮೇಲೆ, ಕೋಟೆಯ ಗೋಡೆಯ ಬಳಿ, ಕೆಳಗಿನ ಇಳಿಜಾರನ್ನು ನೋಡುತ್ತ. ಇಂದು ನಾವು ಒಂದು ಗಳಿಗೆಯಲ್ಲಿ ಸುಖವಾಗಿ ಏರಿಬರುವ ಎತ್ತರವನ್ನು ಉಳಿಸಿಕೊಳ್ಳಲು, ಹೆಸರು ಉಳಿಯದ ಎಷ್ಟೋ ಮಂದಿ ಇಲ್ಲಿಯೇ ಪ್ರಾಣ ತೆತ್ತರೆಂಬುದು ನೆನಪಿದ್ದರೆ, ಆ ನೋಟದ ಸೊಬಗು ಕುಂದಲಾರದು. ಅದರ ಬೆಲೆ ಮಾತ್ರ ತಿಳಿದೀತು.