ಕೌದಿ, ಕುಲಾವಿ, ಮಣ್ಣೆತ್ತು: ದಾವಣಗೆರೆ–ಹರಿಹರ ಪರಿಸರದ ಉಡುಗೊರೆಯ ಕೈಗೆಲಸಗಳು

ದಾವಣಗೆರೆಯ ಚರಿತ್ರೆಯು ಬಹುಮಟ್ಟಿಗೆ ಪೇಟೆಯ ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. ಹೈದರಾಲಿಯ ಕಾಲದಲ್ಲಿ ಮರಾಠಾ ಸರದಾರನೊಬ್ಬನಿಗೆ ಜಹಗೀರಾಗಿ ದೊರೆತು, ವ್ಯಾಪಾರಿಗಳು ನೆಲೆಯೂರಿದ ಮೇಲೆ ಈ ಊರು ಬೆಳೆಯಿತೆಂಬುದು ಗೆಜೆಟಿಯರುಗಳು ಹೇಳುವ ಸಂಗತಿ. 1801ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಂಬಳಿಯನ್ನು ಗಮನಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಹತ್ತಿ ಗಿರಣಿಗಳು ಬಂದು ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರು ಅಂಟಿಕೊಂಡಿತು. ನೆರೆಯ ಹರಿಹರದ ಮಾತು ಬಂದಾಗ 1224ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರ ದೇವಾಲಯ, 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇವೆರಡೇ ಮುಂದೆ ನಿಲ್ಲುತ್ತವೆ. ಮಾರಿದ್ದು, ಸುಂಕ ತೆತ್ತದ್ದು, ದತ್ತಿಯಾಗಿ ಬಿಟ್ಟದ್ದು ದಾಖಲೆಗೆ ಸೇರಿತು. ಮನೆಯ ಪಡಸಾಲೆಯಲ್ಲಿ ಕುಳಿತು ಮಗಳಿಗೋ ಗೆಳತಿಗೋ ತೊಟ್ಟಿಲ ಕೂಸಿಗೋ ಮಾಡಿಕೊಟ್ಟ ವಸ್ತು ಯಾವ ಕಡತಕ್ಕೂ ಏರಲಿಲ್ಲ.

‘ಉಡುಗೊರೆ’ ಎಂಬ ಪದದಲ್ಲಿಯೇ ‘ಉಡು’ ಎಂಬ ಧಾತುವಿದೆ. ಬಟ್ಟೆಯ ಕೊಡುಗೆ ಎಂಬುದೇ ಅದರ ಹಳೆಯ ಅರ್ಥ. ಮದುವೆಯ ಮನೆಯಲ್ಲಿ ಕೊಡುವ ‘ಮುಯ್ಯಿ’ಯಾದರೋ ಬೇರೆಯದು, ಅದು ಹಿಂದಿರುಗಿಸಬೇಕಾದ ಸಾಲ. ಯಾರು ಎಷ್ಟು ಹಣ, ಯಾವ ಪಾತ್ರೆ, ಯಾವ ಕಣ ಕೊಟ್ಟರೆಂಬುದನ್ನು ಪುಸ್ತಕದಲ್ಲಿ ಬರೆದಿಡುವ ವಾಡಿಕೆ ಈ ಭಾಗದಲ್ಲಿದೆ. ಕೈಯಾರೆ ಮಾಡಿದ ಆಟದ ವಸ್ತುವಿಗೆ ಈ ಪಟ್ಟಿಯಲ್ಲಿ ಸ್ಥಾನವಿಲ್ಲ, ಏಕೆಂದರೆ ಅದಕ್ಕೆ ಬೆಲೆ ಕಟ್ಟಿ ಮರಳಿಸುವುದು ಸಾಧ್ಯವಿಲ್ಲ. ಈ ವಸ್ತುಗಳ ಚರಿತ್ರೆ ಏಕೆ ದೊರೆಯುವುದಿಲ್ಲವೆಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ.

ದಾಖಲೆ ಮೌನವಾಗಿರುವಲ್ಲಿ ಗಾದೆ ಮಾತನಾಡುತ್ತದೆ. ‘ಕೂಸು ಹುಟ್ಟುವ ಮೊದಲೇ ಕುಲಾವಿ’ ಎಂಬುದು ಆತುರಗಾರರನ್ನು ಲೇವಡಿ ಮಾಡುವ ಮಾತೆಂದಷ್ಟೇ ನಾವು ತಿಳಿದಿದ್ದೇವೆ. ಕೂಸು ಹುಟ್ಟಿದ ಮೇಲೆ ಕುಲಾವಿ ಹೊಲಿಯುವುದು ಎಷ್ಟು ನಿಶ್ಚಿತವಾದ ಕೆಲಸವಾಗಿತ್ತೆಂಬುದಕ್ಕೂ ಅದು ಸಾಕ್ಷಿ. ಕುಲಾವಿ ತಲೆಯನ್ನೂ ಕಿವಿಯನ್ನೂ ಮುಚ್ಚುವ ಟೋಪಿ. ಅದರ ಹಿಂಬದಿ ಬೆನ್ನಿನವರೆಗೆ ಇಳಿಬಿದ್ದರೆ ಕುಂಚಿಗೆ. ರವಿಕೆಗೆ ಕತ್ತರಿಸಿ ಉಳಿದ ಖಣದ ತುಂಡು, ರೇಷ್ಮೆಯ ಅಂಚು, ಒಂದೆರಡು ಮಣಿ, ನೆತ್ತಿಯ ಮೇಲೊಂದು ಗೊಂಡೆ ಇಷ್ಟೇ ಸಾಮಗ್ರಿ. ಚಳಿಗೆ ಬೇಕಾದದ್ದು ಟೋಪಿ ಮಾತ್ರ. ಗೊಂಡೆ ಬೇಕಾದದ್ದು ನೋಡುವವರ ನಗುವಿಗೆ. ತವರಿನಿಂದ ಬಾಣಂತಿಯೊಡನೆ ಹೊರಟ ಕುಂಚಿಗೆಯನ್ನು ಗಂಡನ ಮನೆಯವರು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವಾಗ, ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಅಜ್ಜಿಯ ಕೈಕೆಲಸ.

ಕೌದಿಯ ವಿಚಾರ ಇದಕ್ಕಿಂತ ವಿಸ್ತಾರವಾದುದು. ಹಳೆಯ ಸೀರೆಯನ್ನು ಮೇಲೆ ಕೆಳಗೆ ಹಾಸಿ, ನಡುವೆ ಸವೆದ ಧೋತರ, ಅಂಗಿ, ಲಂಗಗಳನ್ನು ಹರವಿ, ಅಂಚಿನಿಂದ ಒಳಮುಖವಾಗಿ ದಾರದ ಓಟದ ಹೊಲಿಗೆ ಹಾಕುತ್ತ ಬರುವುದು ಸಾಮಾನ್ಯ ಕ್ರಮ. ಮೇಲ್ಪದರದಲ್ಲಿ ಚೌಕ, ತ್ರಿಕೋನದ ತುಂಡುಗಳನ್ನು ಕೂಡಿಸುವಾಗ ಆಟ ಆರಂಭವಾಗುತ್ತದೆ. ಯಾರ ಸೀರೆಯ ಪಕ್ಕದಲ್ಲಿ ಯಾರ ಅಂಗಿ ಬರಬೇಕೆಂಬುದು ಹೊಲಿಯುವವಳ ಇಚ್ಛೆ. ಸತ್ತ ಅತ್ತೆಯ ಇಳಕಲ್ ಸೀರೆಯ ಮಗ್ಗುಲಿಗೆ ಮೊಮ್ಮಗನ ಶಾಲೆಯ ಅಂಗಿ ಬಂದು ಕೂರಬಹುದು. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಗೊಂದಲಿಗರೇ ಮೊದಲಾದ ಸಮುದಾಯಗಳ ಹೆಂಗಸರೂ ಇದ್ದಾರೆ. ಅವರ ಹೊಲಿಗೆ ಹೆಚ್ಚು ಒತ್ತಾದುದು, ನೇರವಾದುದು. ಆದರೂ ತೊಟ್ಟಿಲಿಗೆ ಹಾಸುವ ಚಿಕ್ಕ ಕೌದಿ ಮನೆಯವರ ಕೈಯದೇ ಆಗಿರಬೇಕೆಂಬ ಹಂಬಲ ಸಾಮಾನ್ಯ.

ಗಿರಣಿಯ ಊರಿನಲ್ಲಿ ಕೌದಿಗೆ ಇನ್ನೊಂದು ಅರ್ಥವೂ ಉಂಟು. ಅದರ ಪದರಗಳಲ್ಲಿ ಈ ಸೀಮೆಯ ಬಟ್ಟೆಯ ಚರಿತ್ರೆ ಅಡಗಿದೆ. ಮಗ್ಗದ ಸೀರೆ, ಗಿರಣಿಯ ಧೋತರ, ಅನಂತರದ ನೈಲಾನ್, ಪಾಲಿಯೆಸ್ಟರ್ ಒಂದರ ಮೇಲೊಂದು ಬಂದಿವೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಮರದ ತಿರುಳಿನಿಂದ ನಾರು ತೆಗೆಯುವ ಉದ್ಯಮ ತಲೆಯೆತ್ತಿತು. ಹೊಳೆಯ ಈಚೆ ಹೆಂಗಸರು ಮಾತ್ರ ಕೌದಿಗೆ ಹತ್ತಿಯನ್ನೇ ಆರಿಸುತ್ತಿದ್ದರು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಜಾರುತ್ತದೆ, ಬೆವರನ್ನು ಹೀರುವುದಿಲ್ಲ ಎಂಬುದು ಸೂಜಿ ಹಿಡಿದವರಿಗೆ ಚೆನ್ನಾಗಿ ಗೊತ್ತು.

ಬಟ್ಟೆಯದು ಹೆಂಗಸರ ಆಟವಾದರೆ ಮಣ್ಣಿನದು ಮಕ್ಕಳ ಆಟ. ಜ್ಯೇಷ್ಠ ಮಾಸದ ಕಾರಹುಣ್ಣಿಮೆಯಲ್ಲಿ ಜೀವಂತ ಎತ್ತುಗಳಿಗೆ ಸಿಂಗಾರ. ಅದೇ ಮಾಸದ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳಿಗೆ ಪೂಜೆ. ಎರೆಮಣ್ಣನ್ನು ತಂದು ನಾದಿ ಜೋಡೆತ್ತು ಮಾಡಿ, ಮುಂದೆ ಗ್ವಾದಲಿ ಇಟ್ಟು, ಕಾಳಿನ ಕಣ್ಣು ಹಚ್ಚುತ್ತಾರೆ. ಕೆಲವೆಡೆ ಕುಂಬಾರರು ಮನೆಮನೆಗೆ ಎತ್ತು ಕೊಟ್ಟು ಕಾಳು ಪಡೆಯುವ ಆಯದ ಸಂಬಂಧವಿದೆ. ಮಕ್ಕಳು ಮಾಡಿದ್ದು ಮಾತ್ರ ಒಂದು ಕಿವಿ ದೊಡ್ಡದು, ಒಂದು ಕಾಲು ಗಿಡ್ಡ. ಪೂಜೆಯ ಅನಂತರ ಕುಂಟೆತ್ತಿನ ಹೆಸರು ಹೇಳಿ ಮಕ್ಕಳು ಮನೆಮನೆಯಲ್ಲಿ ಜೋಳ ಬೇಡುವ ಪದ್ಧತಿಯಲ್ಲಿ ಈ ಕೊರತೆಯೇ ವಿನೋದವಾಗಿದೆ. ಭದ್ರಾ ನಾಲೆಯ ನೀರು ಬಂದು ಜೋಳದ ಹೊಲ ಭತ್ತದ ಗದ್ದೆಯಾಯಿತು, ಟ್ರ್ಯಾಕ್ಟರು ಬಂದು ಕೊಟ್ಟಿಗೆಗಳು ಬರಿದಾದವು. ಮಣ್ಣಿನ ಎತ್ತು ಮಾತ್ರ ಜಗುಲಿಯನ್ನು ಬಿಟ್ಟಿಲ್ಲ.

ಪ್ಲಾಸ್ಟಿಕ್ ವೈರಿನ ಬುಟ್ಟಿ, ಮಣಿ ಪೋಣಿಸಿದ ಗಿಳಿ, ಬಳೆಚೂರಿನ ತೋರಣ ಇವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸೇರ್ಪಡೆಗಳು. ನಮ್ಮ ವಿದ್ವತ್ತು ಇವನ್ನು ‘ಹೆಂಗಸರ ಹೊತ್ತುಗಳೆವ ಕೆಲಸ’ವೆಂದು ಬದಿಗಿಟ್ಟಿತು. ಜಾನಪದವು ಹಳತಾಗಿರಲೇಬೇಕೆಂಬ ಹಟ ಇದಕ್ಕೆ ಕಾರಣವಿರಬೇಕು.

ಚನ್ನಪಟ್ಟಣದ ಆಟಿಕೆ, ಕಿನ್ನಾಳದ ಬೊಂಬೆ, ಸಂಡೂರಿನ ಲಂಬಾಣಿ ಕಸೂತಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿಗಳು ಅಮೆರಿಕದಲ್ಲಿಯೂ ಪ್ರದರ್ಶನಗೊಂಡಿವೆ. ಇವು ಸಂತೋಷದ ಸಂಗತಿಗಳೇ. ಆದರೆ ಮಾನ್ಯತೆಯ ಮಾನದಂಡವೆಲ್ಲ ಮಾರುಕಟ್ಟೆಯದು. ಮಾರಲೆಂದೇ ಮಾಡದ ವಸ್ತುವನ್ನು ಅದರಿಂದ ಅಳೆಯಲು ಬರುವುದಿಲ್ಲ. ಇಂದು ಕೌದಿಯೂ ಅಂಗಡಿಗೆ ಬಂದಿದೆ. ಅಲ್ಲಿ ಹೊಸ ಬಟ್ಟೆಯ ತುಂಡುಗಳನ್ನೇ ಕತ್ತರಿಸಿ ಹೊಲಿದದ್ದೂ ಉಂಟು. ಅದು ಚೆಲುವಾದ ಹಾಸಿಗೆ, ಯಾರದೂ ಅಲ್ಲದ ಹಾಸಿಗೆ. ಸಂಗ್ರಹಾಲಯಕ್ಕೆ ಕೌದಿಯನ್ನು ತರುವವರು ಅಳತೆ, ಬಣ್ಣ, ಊರುಗಳ ಜೊತೆಗೆ ಯಾರು ಯಾರಿಗಾಗಿ ಹೊಲಿದರು, ಯಾವ ತುಂಡು ಯಾರ ಉಡುಪು ಎಂಬುದನ್ನು ಹೊಲಿದವಳಿಂದಲೇ ಕೇಳಿ ಬರೆದುಕೊಳ್ಳಬೇಕು. ಆಕೆ ಇರುವಾಗಲೇ ಕೇಳಬೇಕು. ಒಳಪದರವನ್ನೂ ಬಿಡುವಂತಿಲ್ಲ. ಹರಿದ ಕೌದಿಯನ್ನು ಎಸೆಯದೆ ಹೊಸ ಕೌದಿಯ ಹೊಟ್ಟೆಗೆ ಹಾಕುವ ರೂಢಿ ಇರುವುದರಿಂದ, ಮನೆಯ ಅತ್ಯಂತ ಹಳೆಯ ಹೊಲಿಗೆ ಕಣ್ಣಿಗೆ ಕಾಣದೆ ನಡುವಿನಲ್ಲಿಯೇ ಇರುತ್ತದೆ.