ವಕೀಲಿ ವೃತ್ತಿಯ ಬಾಗಿಲು: ಬದಲಾದ ಭಾಷೆ, ಬದಲಾದ ಅರ್ಹತೆ

ನಮ್ಮ ಯಾವುದೇ ತಾಲೂಕು ನ್ಯಾಯಾಲಯದ ಆವರಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ವಕೀಲ, ವಕಾಲತ್ತು, ದಾವೆ, ಫಿರ್ಯಾದಿ, ತಕರಾರು, ಜಾಮೀನು, ಜಪ್ತಿ, ರಾಜಿ, ದಸ್ತಾವೇಜು, ಅಮೀನ ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಇವೆಲ್ಲ ಅರಬಿ ಮತ್ತು ಫಾರಸಿ ಮೂಲದವು. ಆ ಎರಡು ಭಾಷೆಗಳ ಹೆಸರನ್ನೇ ಕೇಳದ ರೈತನೂ ಇವನ್ನು ತನ್ನ ಕನ್ನಡವೆಂದೇ ಆಡುತ್ತಾನೆ. ಪದಗಳು ಇಷ್ಟು ಗಟ್ಟಿಯಾಗಿ ಉಳಿದ ಜಾಗದಲ್ಲಿ, ಆ ಭಾಷೆಗಳನ್ನು ಓದಿ ಬೆಳೆದ ಮನೆತನಗಳ ಮಕ್ಕಳು ಮಾತ್ರ ವಿರಳವಾದದ್ದು ಹೇಗೆ? ಪಿಯುಸಿ ಅಥವಾ ಪದವಿ ಮುಗಿಸಿ ಮುಂದೇನೆಂದು ಯೋಚಿಸುತ್ತಿರುವ ನಮ್ಮ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಸ್ವಲ್ಪ ಹಿಂದಿನಿಂದ ನೋಡುವುದು ಒಳ್ಳೆಯದು. ಇದು ಮುಖ್ಯವಾಗಿ ಪ್ರವೇಶ ಅರ್ಹತೆಯ ಇತಿಹಾಸ.

ವಾರನ್ ಹೇಸ್ಟಿಂಗ್ಸ್ 1780ರಲ್ಲಿ ಕಲ್ಕತ್ತ ಮದ್ರಸವನ್ನು ಸ್ಥಾಪಿಸಿದಾಗ ಅದರ ಒಂದು ಮುಖ್ಯ ಉದ್ದೇಶ ಕಂಪನಿ ಸರಕಾರದ ನ್ಯಾಯಾಲಯಗಳಿಗೆ ಕಾನೂನು ಬಲ್ಲ ಅಧಿಕಾರಿಗಳನ್ನು ತಯಾರಿಸುವುದಾಗಿತ್ತು. ಆಗ ಬಂಗಾಳದ ಫೌಜದಾರಿ ನ್ಯಾಯ ಇಸ್ಲಾಮೀ ಕಾನೂನಿನ ಪ್ರಕಾರ ನಡೆಯುತ್ತಿತ್ತು. ಇಂಗ್ಲಿಷ್ ನ್ಯಾಯಾಧೀಶನ ಪಕ್ಕದಲ್ಲಿ ಖಾಜಿ, ಮುಫ್ತಿಗಳು ಕುಳಿತು ಕಾನೂನು ಹೇಳುತ್ತಿದ್ದರು. ಕಾರ್ನ್‌ವಾಲಿಸ್ 1793ರಲ್ಲಿ ವಕೀಲರ ನೇಮಕಕ್ಕೆ ನಿಯಮ ಮಾಡಿದಾಗ, ಸದರ್ ದಿವಾನಿ ಅದಾಲತ್ತು ವಕೀಲರನ್ನು ಕಲ್ಕತ್ತ ಮದ್ರಸ ಮತ್ತು ಕಾಶಿಯ ಸಂಸ್ಕೃತ ಕಾಲೇಜಿನ ವಿದ್ಯಾರ್ಥಿಗಳಿಂದ ಆರಿಸಬೇಕೆಂದು ಹೇಳಲಾಗಿತ್ತು. ಅಂದರೆ ಅರಬಿ, ಫಾರಸಿ, ಫಿಕ್ಹ್ ಓದಿದವನ ಕೈಯಲ್ಲಿದ್ದದ್ದು ಆ ಕಾಲದ ಕಾನೂನು ಪದವಿಯೇ.

ಆ ಬಾಗಿಲು ಒಂದೇ ದಿನದಲ್ಲಿ ಮುಚ್ಚಲಿಲ್ಲ. 1837ರಲ್ಲಿ ನ್ಯಾಯಾಲಯಗಳಿಂದ ಫಾರಸಿಯನ್ನು ತೆಗೆಯಲು ಕಾಯಿದೆ ಬಂತು. 1844ರಲ್ಲಿ ಸರಕಾರಿ ನೌಕರಿಗೆ ಇಂಗ್ಲಿಷ್ ಕಲಿತವರಿಗೆ ಆದ್ಯತೆ ಎಂದು ಸರಕಾರ ಘೋಷಿಸಿತು. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡಸಂಹಿತೆ 1862ರಿಂದ ಜಾರಿಯಾಯಿತು. ಅದೇ ವರ್ಷ ಹೈಕೋರ್ಟುಗಳು ಬಂದವು. 1864ರ ಕಾಯಿದೆಯಿಂದ ಖಾಜಿ, ಮುಫ್ತಿಗಳ ನ್ಯಾಯಾಲಯದ ಹುದ್ದೆಗಳೂ ರದ್ದಾದವು. ಇಪ್ಪತ್ತೇಳು ವರ್ಷಗಳಲ್ಲಿ ಭಾಷೆ, ಕಾನೂನು, ಪರೀಕ್ಷೆ, ಹುದ್ದೆ ನಾಲ್ಕೂ ಬದಲಾದವು. ತಂದೆ ಕಲಿತದ್ದು ಮಗನ ಹೊಟ್ಟೆಪಾಡಿಗೆ ಉಪಯೋಗಕ್ಕೆ ಬರಲಿಲ್ಲ.

ಇದರ ಪರಿಣಾಮವನ್ನು ಡಬ್ಲ್ಯು. ಡಬ್ಲ್ಯು. ಹಂಟರ್ ಎಂಬ ಅಧಿಕಾರಿ 1871ರ ತನ್ನ ಪುಸ್ತಕದಲ್ಲಿ ಲೆಕ್ಕ ಹಾಕಿ ತೋರಿಸಿದ. ಕಲ್ಕತ್ತದ ವಕೀಲರ ಪಟ್ಟಿಯಲ್ಲಿ 1851ರವರೆಗೆ ಸೇರಿದವರಲ್ಲಿ ಮುಸ್ಲಿಮರು ಉಳಿದೆಲ್ಲರಿಗೆ ಸರಿಸಮವಾಗಿದ್ದರು. 1852ರಿಂದ 1868ರವರೆಗೆ ಸೇರಿದ 240 ಭಾರತೀಯರಲ್ಲಿ 239 ಮಂದಿ ಹಿಂದೂಗಳು, ಒಬ್ಬ ಮಾತ್ರ ಮುಸ್ಲಿಮ. ಈ ಅಂಕಿಗಳನ್ನು ನಮ್ಮ ಸಭೆಗಳಲ್ಲಿ ಪದೇ ಪದೇ ಹೇಳುವುದುಂಟು. ಆದರೆ ಎಚ್ಚರವಿರಲಿ, ಹಂಟರನ ಲೆಕ್ಕ ಬಂಗಾಳದ್ದು. ಅದನ್ನು ಇಡೀ ದೇಶಕ್ಕೆ ಹಚ್ಚುವುದು ಸರಿಯಲ್ಲ. ಉತ್ತರದ ಪ್ರಾಂತಗಳಲ್ಲಿ ಫಾರಸಿ ಹೋದ ಜಾಗಕ್ಕೆ ಉರ್ದು ಬಂದಿತ್ತು. ಅಲ್ಲಿನ ಮುಸ್ಲಿಮರು ಕಚೇರಿಗಳಲ್ಲಿ ಬಹುಕಾಲ ಗಟ್ಟಿಯಾಗಿಯೇ ಉಳಿದರು. ಸಮುದಾಯ ಒಂದೇ, ಧರ್ಮ ಒಂದೇ. ವ್ಯತ್ಯಾಸವಿದ್ದದ್ದು ಕಚೇರಿಯ ಭಾಷೆಯಲ್ಲಿ. ಆದ್ದರಿಂದ ಮುಸ್ಲಿಮರಿಗೆ ಓದಿನಲ್ಲಿ ಆಸಕ್ತಿಯೇ ಇರಲಿಲ್ಲ ಎಂಬ ಹಳೆಯ ಮಾತನ್ನು ನಾನು ಒಪ್ಪುವುದಿಲ್ಲ.

ಹೊಸ ಬಾಗಿಲನ್ನು ಬೇಗ ಗುರುತಿಸಿದವರೂ ಇದ್ದರು. ಬೊಂಬಾಯಿಯ ವ್ಯಾಪಾರಿ ತಯ್ಯಬ್ ಅಲಿಯವರ ಮಗ ಬದ್ರುದ್ದೀನ್ ತಯ್ಯಬ್ಜಿ 1860ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಇಂಗ್ಲೆಂಡಿಗೆ ಹೋದರು. ಕಣ್ಣಿನ ತೊಂದರೆಯಿಂದ ಓದು ಅರ್ಧಕ್ಕೆ ನಿಲ್ಲಿಸಿ 1864ರಲ್ಲಿ ಊರಿಗೆ ಮರಳಬೇಕಾಯಿತು. ಗುಣವಾದ ಮೇಲೆ ಮತ್ತೆ ಹೋಗಿ 1867ರಲ್ಲಿ ಮಿಡ್ಲ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆಗಿ ಬಂದರು. ಬೊಂಬಾಯಿ ಹೈಕೋರ್ಟಿನ ಮೊದಲ ಭಾರತೀಯ ಬ್ಯಾರಿಸ್ಟರ್ ಅವರೇ. 1887ರಲ್ಲಿ ಮದರಾಸಿನಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು, 1895ರಲ್ಲಿ ಅದೇ ಹೈಕೋರ್ಟಿನ ನ್ಯಾಯಾಧೀಶರಾದರು. ಸರ್ ಸಯ್ಯದ್ ಅಹಮದ್ ಖಾನರ ಮಗ ಸಯ್ಯದ್ ಮಹಮೂದ್ 1869ರಲ್ಲಿ ತಂದೆಯ ಜೊತೆ ಇಂಗ್ಲೆಂಡಿಗೆ ಹೋಗಿ, 1872ರಲ್ಲಿ ಲಿಂಕನ್ಸ್ ಇನ್‌ನಿಂದ ಬ್ಯಾರಿಸ್ಟರ್ ಆದರು. ಮುಂದೆ ಅಲಹಾಬಾದ್ ಹೈಕೋರ್ಟಿನ ನ್ಯಾಯಪೀಠವನ್ನೇರಿದರು. ಬಂಗಾಳದ ಸಯ್ಯದ್ ಅಮೀರ್ ಅಲಿ ಮೊದಲು ಕಲ್ಕತ್ತ ವಿಶ್ವವಿದ್ಯಾಲಯದ ಎಂ.ಎ. ಮತ್ತು ಕಾನೂನು ಪದವಿ ಪಡೆದು, ಆಮೇಲೆ 1873ರಲ್ಲಿ ಇನ್ನರ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದರು. 1890ರಲ್ಲಿ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರು, 1909ರಲ್ಲಿ ಪ್ರಿವಿ ಕೌನ್ಸಿಲ್‌ನ ನ್ಯಾಯಿಕ ಸಮಿತಿಯ ಮೊದಲ ಭಾರತೀಯ ಸದಸ್ಯರು.

ಬ್ಯಾರಿಸ್ಟರ್ ಆಗುವುದು ಅಂದು ದುಡ್ಡಿದ್ದವರ ದಾರಿ, ಆದರೆ ವಿಚಿತ್ರವೆಂದರೆ ಓದಿನ ಲೆಕ್ಕದಲ್ಲಿ ಅದೇ ಹತ್ತಿರದ ದಾರಿ. ಗಾಂಧೀಜಿ ಆತ್ಮಕಥೆಯಲ್ಲಿ ಇದನ್ನು ಬಿಚ್ಚಿ ಹೇಳಿದ್ದಾರೆ. 1887ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ ಭಾವನಗರದ ಕಾಲೇಜಿನಲ್ಲಿ ತಿಣುಕುತ್ತಿದ್ದ ಹುಡುಗನಿಗೆ ವೈದ್ಯನಾಗುವ ಆಸೆ ಇತ್ತು. ಮನೆತನದ ಹಿತೈಷಿ ಮಾವಜಿ ದವೆಯವರ ಲೆಕ್ಕವೇ ಬೇರೆ: ಇಲ್ಲಿ ಬಿ.ಎ. ಮಾಡಲು ನಾಲ್ಕೈದು ವರ್ಷ, ಕಾನೂನು ಪದವಿಗೆ ಇನ್ನಷ್ಟು ವರ್ಷ. ಲಂಡನ್ನಿಗೆ ಹೋದರೆ ಮೂರೇ ವರ್ಷದಲ್ಲಿ ಬ್ಯಾರಿಸ್ಟರ್. ಗಾಂಧೀಜಿ 1888ರಲ್ಲಿ ಹೊರಟು 1891ರಲ್ಲಿ ಬ್ಯಾರಿಸ್ಟರ್ ಆದರು. ಎರಡು ವರ್ಷ ಕೆಲಸವಿಲ್ಲದೆ ಪರದಾಡಿದ ಅವರನ್ನು 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಕರೆಸಿಕೊಂಡದ್ದು ದಾದಾ ಅಬ್ದುಲ್ಲಾ ಎಂಬ ಮುಸ್ಲಿಮ್ ವ್ಯಾಪಾರಿಯ ಸಂಸ್ಥೆ. ಪದವಿ ಬೇರೆ, ಕೆಲಸ ಬೇರೆ ಎಂಬುದು ಇಂದಿನ ಹೊಸ ಸಮಸ್ಯೆಯೇನಲ್ಲ.

ಹೆಣ್ಣುಮಕ್ಕಳಿಗಂತೂ ಪದವಿ ಇದ್ದರೂ ಬಾಗಿಲು ತೆರೆಯಲಿಲ್ಲ. ಕಾರ್ನೀಲಿಯಾ ಸೊರಾಬ್ಜಿ 1892ರಲ್ಲಿ ಆಕ್ಸ್‌ಫರ್ಡ್‌ನ ಕಾನೂನು ಪರೀಕ್ಷೆಯಲ್ಲಿ ತೇರ್ಗಡೆಯಾದರು, 1897ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಎಲ್ಎಲ್.ಬಿ. ಪಡೆದರು; ವಕೀಲಿ ಸನ್ನದು ಮಾತ್ರ ಸಿಗಲಿಲ್ಲ. 1916ರಲ್ಲಿ ಕಲ್ಕತ್ತ ಹೈಕೋರ್ಟು ರೆಜಿನಾ ಗುಹಾ ಅವರ ಅರ್ಜಿಯನ್ನೂ, 1921ರಲ್ಲಿ ಪಟ್ನಾ ಹೈಕೋರ್ಟು ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿಯನ್ನೂ ತಿರಸ್ಕರಿಸಿದವು. 1923ರ ಕಾಯಿದೆ ಬಂದ ಮೇಲೆಯೇ ಈ ಅಡ್ಡಿ ದೇಶದಾದ್ಯಂತ ನಿವಾರಣೆಯಾಯಿತು.

ಆ ಕಾಯಿದೆಯ ನಾಲ್ಕು ವರ್ಷಗಳ ನಂತರ, 1927ರಲ್ಲಿ, ತಿರುವಾಂಕೂರಿನ ಪತ್ತನಂತಿಟ್ಟದಲ್ಲಿ ಎಂ. ಫಾತಿಮಾ ಬೀವಿ ಹುಟ್ಟಿದರು. ತಿರುವನಂತಪುರದಲ್ಲಿ ಬಿ.ಎಸ್ಸಿ. ಮುಗಿಸಿದ ಮಗಳು ರಸಾಯನಶಾಸ್ತ್ರದಲ್ಲಿ ಮುಂದುವರಿಯಲು ಬಯಸಿದರೆ, ಕಾನೂನು ಓದು ಎಂದು ಹೇಳಿದವರು ತಂದೆ. ತಿರುವಾಂಕೂರಿನಲ್ಲಿ ನ್ಯಾಯಾಧೀಶೆಯಾಗಿದ್ದ ಅನ್ನಾ ಚಾಂಡಿ ಅವರ ಉದಾಹರಣೆ ಆ ತಂದೆಯ ಕಣ್ಣ ಮುಂದಿತ್ತು. ಫಾತಿಮಾ ಬೀವಿ 1950ರಲ್ಲಿ ಬಾರ್ ಕೌನ್ಸಿಲ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಅದೇ ವರ್ಷ ವಕೀಲರಾದರು. 1958ರಲ್ಲಿ ಮುನ್ಸೀಫರು, 1983ರಲ್ಲಿ ಕೇರಳ ಹೈಕೋರ್ಟು, 1989ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. 2023ರ ನವೆಂಬರಿನಲ್ಲಿ ಅವರು ನಿಧನರಾದರು. ಹೆಣ್ಣುಮಕ್ಕಳಿಗೆ ಟೀಚರ್ ಕೆಲಸವೇ ಸಾಕು ಎನ್ನುವ ಪಾಲಕರು ನಮ್ಮಲ್ಲಿ ಇಂದಿಗೂ ಇರುವುದರಿಂದ ಆ ತಂದೆಯ ಮಾತನ್ನು ಇಲ್ಲಿ ಬಿಡುವ ಮನಸ್ಸಾಗಲಿಲ್ಲ.

ಈಗ ನಮ್ಮ ನಾಡಿಗೆ ಬರೋಣ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಆರಂಭವಾದರೂ ಬೆಂಗಳೂರಿನಲ್ಲಿ ಸರಕಾರಿ ಕಾನೂನು ಕಾಲೇಜು ತೆರೆದದ್ದು 1948ರಲ್ಲಿ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರದು. ಅದಕ್ಕೂ ಮೊದಲು ಕಾನೂನು ಓದಬೇಕಾದ ಕನ್ನಡಿಗ ಮದರಾಸು, ಬೊಂಬಾಯಿ ಅಥವಾ ಪುಣೆಗೆ ಹೋಗಬೇಕಿತ್ತು. ಗಂಡನ್ನು ಕಳಿಸುವುದೇ ಕಷ್ಟವಾಗಿದ್ದ ಮನೆಗಳಲ್ಲಿ ಹೆಣ್ಣಿನ ಮಾತೇ ಬರುತ್ತಿರಲಿಲ್ಲ.

ಕಲಬುರ್ಗಿ, ಬೀದರ್, ರಾಯಚೂರು ಕಡೆಯ ಕಥೆ ಬೇರೆ. ಅವು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆ ಉರ್ದು. ಕಾನೂನನ್ನೂ ಉರ್ದುವಿನಲ್ಲೇ ಕಲಿಸಲಾಗುತ್ತಿತ್ತು, ಕಚೇರಿಯ ಭಾಷೆಯೂ ಉರ್ದುವೇ. 1948ರ ನಂತರ ಉಸ್ಮಾನಿಯಾ ಇಂಗ್ಲಿಷಿಗೆ ತಿರುಗಿತು. 1956ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಕೆಳ ನ್ಯಾಯಾಲಯಗಳಿಗೆ ಕ್ರಮೇಣ ಕನ್ನಡ ಬಂತು. ಬಂಗಾಳದಲ್ಲಿ 1837ರಿಂದ 1864ರವರೆಗೆ ನಡೆದದ್ದು ನಮ್ಮ ಈ ಮೂಲೆಯಲ್ಲಿ ಅದಕ್ಕಿಂತ ಬೇಗನೆ ನಡೆದುಹೋಯಿತು. ಒಂದು ಪೀಳಿಗೆಯ ಉರ್ದು ಕಾನೂನು ಪುಸ್ತಕಗಳು ಕಪಾಟಿಗೆ ಸೇರಿದವು. ಕಲಬುರ್ಗಿ, ಬೀದರ್ ಭಾಗದ ಹಿರಿಯರು ಇದನ್ನು ಬರೆದಿಡಬೇಕು.

ಸ್ವಾತಂತ್ರ್ಯಾನಂತರ 1961ರ ವಕೀಲರ ಕಾಯಿದೆ ಹಳೆಯ ವಕೀಲ, ಪ್ಲೀಡರ್, ಮುಖ್ತಾರ್ ಎಂಬ ಮೇಲುಕೀಳು ದರ್ಜೆಗಳನ್ನು ತೆಗೆದು, ಅಡ್ವೊಕೇಟ್ ಎಂಬ ಒಂದೇ ವರ್ಗ ಮಾಡಿತು. 1967ರ ಮಾರ್ಚಿನಿಂದ ಪದವಿಯ ಮೇಲೆ ಮೂರು ವರ್ಷದ ಕಾನೂನು ಓದು ಕಡ್ಡಾಯವಾಯಿತು. 1982ರಲ್ಲಿ ಭಾರತೀಯ ವಕೀಲರ ಪರಿಷತ್ತು ಹನ್ನೆರಡನೆಯ ತರಗತಿಯ ಮೇಲೆ ಐದು ವರ್ಷದ ಶಿಕ್ಷಣಕ್ಕೆ ನಿಯಮ ಮಾಡಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. 2008ರಲ್ಲಿ ಅಂಥ ಏಳು ವಿಶ್ವವಿದ್ಯಾಲಯಗಳು ಸೇರಿ ಕ್ಲಾಟ್ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಆರಂಭಿಸಿದವು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾಗಿ ರಾಜ್ಯದ ಕಾನೂನು ಕಾಲೇಜುಗಳನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿತು.

ಹಾಗಾಗಿ ಇಂದು ದಾರಿ ಎರಡು. ಪಿಯುಸಿ ಮುಗಿಸಿದವರಿಗೆ, ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಸರಿ, ಐದು ವರ್ಷದ್ದು. ಪದವಿ ಮುಗಿಸಿದವರಿಗೆ ಮೂರು ವರ್ಷದ್ದು. ಪರಿಷತ್ತಿನ 2008ರ ನಿಯಮಗಳಂತೆ ಅರ್ಹತಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡಾ 45, ಇತರ ಹಿಂದುಳಿದ ವರ್ಗಗಳಿಗೆ 42, ಪರಿಶಿಷ್ಟರಿಗೆ 40 ಅಂಕ ಬೇಕು. ಮುಕ್ತ ಶಾಲೆಯ ಹನ್ನೆರಡನೆಯ ತರಗತಿಗೆ ಮಾನ್ಯತೆ ಇದೆ. ಆದರೆ ಹತ್ತು, ಹನ್ನೆರಡು ಓದದೆ ಮುಕ್ತ ವಿಶ್ವವಿದ್ಯಾಲಯದಿಂದ ನೇರವಾಗಿ ಪಡೆದ ಪದವಿಗೆ ಕಾನೂನು ಪ್ರವೇಶವಿಲ್ಲ. ಮದ್ರಸಗಳಲ್ಲಿ ಓದಿದ ಯುವಕರು ಇದನ್ನು ಎರಡು ಸಲ ಓದಬೇಕು. ಸನದು ಎಷ್ಟೇ ದೊಡ್ಡದಿರಲಿ, ಅದು ಪಿಯುಸಿಗೆ ಸಮಾನವೇ ಎಂದು ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು, ಇಲ್ಲವೇ ಮುಕ್ತ ಶಾಲೆಯ ಮೂಲಕ ಹತ್ತು ಮತ್ತು ಹನ್ನೆರಡನ್ನು ಕ್ರಮವಾಗಿ ಮುಗಿಸುವುದು ಕ್ಷೇಮ. ಬಾಯಿಮಾತಿನ ಭರವಸೆ ನಂಬಿ ಶುಲ್ಕ ಕಟ್ಟಬೇಡಿ.

ಕ್ಲಾಟ್ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ನಡೆಯುತ್ತದೆ, ಪಿಯುಸಿ ಎರಡನೆಯ ವರ್ಷದ ನಡುವೆಯೇ. ಫಲಿತಾಂಶ ಬಂದ ಮೇಲೆ ವಿಚಾರಿಸಲು ಬರುವ ಹುಡುಗರಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಎರಡು ಗಂಟೆಯಲ್ಲಿ 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ಶುಲ್ಕವೂ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ರಾಷ್ಟ್ರೀಯ ಶಾಲೆ ಸಿಗದಿದ್ದರೆ ಕಾನೂನೇ ಬೇಡ ಎನ್ನುವುದು ತಪ್ಪು. ಹತ್ತಿರದ ಕಾಲೇಜಿನಿಂದ ಹೊರಟವರೂ ದೂರ ಹೋಗಿದ್ದಾರೆ. ಮೂಡುಬಿದಿರೆ ಸಮೀಪದ ಬೆಳುವಾಯಿಯ ಎಸ್. ಅಬ್ದುಲ್ ನಝೀರ್ ಮಹಾವೀರ ಕಾಲೇಜಿನಲ್ಲಿ ಬಿ.ಕಾಂ. ಓದಿ, ಮಂಗಳೂರಿನ ಎಸ್.ಡಿ.ಎಂ. ಕಾನೂನು ಕಾಲೇಜಿನಲ್ಲಿ ಪದವಿ ಪಡೆದು 1983ರಲ್ಲಿ ವಕೀಲರಾದರು. 2003ರಲ್ಲಿ ಕರ್ನಾಟಕ ಹೈಕೋರ್ಟಿನ, 2017ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಕಾಲೇಜು ಯಾವುದೇ ಇರಲಿ, ಅದಕ್ಕೆ ವಕೀಲರ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಮೇಲೆ 2011ರಿಂದ ನಡೆಯುತ್ತಿರುವ ಅಖಿಲ ಭಾರತ ವಕೀಲರ ಪರೀಕ್ಷೆ. ನೋಂದಣಿಗೆ ರಾಜ್ಯಗಳು ಸಾವಿರಗಟ್ಟಲೆ ವಸೂಲು ಮಾಡುತ್ತಿದ್ದುದನ್ನು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ತಡೆದು, ಕಾಯಿದೆಯಲ್ಲಿರುವ 750 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ ಎಂದಿತು. ಬಡ ಕುಟುಂಬದ ವಿದ್ಯಾರ್ಥಿಗೆ ಇದು ಸಣ್ಣ ಸಹಾಯವಲ್ಲ.

ಇನ್ನು ಭಾಷೆ. ಸಂವಿಧಾನದ 348ನೆಯ ವಿಧಿಯಂತೆ ಹೈಕೋರ್ಟಿನ ಭಾಷೆ ಇಂಗ್ಲಿಷ್. ತಾಲೂಕು ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನ ಭಾಷೆ ಕನ್ನಡ, ಅವನ ಪಹಣಿ, ಪಂಚನಾಮೆಗಳೂ ಕನ್ನಡವೇ. ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ನವಾಯತಿ ಆಡುವ ನಮ್ಮ ಮಕ್ಕಳಿಗೆ ಈ ಎರಡೂ ಕಲಿತ ಭಾಷೆಗಳು. ಉರ್ದು ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರಲ್ಲಿ ಅನೇಕರು ಇಂಗ್ಲಿಷಿಗೆ ಟ್ಯೂಷನ್ ಹಾಕಿಸಿಕೊಳ್ಳುತ್ತಾರೆ, ಕನ್ನಡವನ್ನು ಮಾತಿಗೆ ಬಂದರೆ ಸಾಕು ಎಂದು ಬಿಡುತ್ತಾರೆ. ನ್ಯಾಯಾಧೀಶರಾಗುವ ಆಸೆ ಇದ್ದವರಿಗೆ ಹೀಗೆ ಬಿಟ್ಟರೆ ನಡೆಯದು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೊದಲು ಮೂರು ವರ್ಷ ವಕೀಲಿ ಮಾಡಿರಬೇಕೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಮತ್ತೆ ನಿಗದಿ ಮಾಡಿದೆ. ಕರ್ನಾಟಕದಲ್ಲಿ ಆ ಹುದ್ದೆಯ ಮುಖ್ಯ ಪರೀಕ್ಷೆಯಲ್ಲಿ ಭಾಷಾಂತರದ ಪತ್ರಿಕೆಯೇ ಪ್ರತ್ಯೇಕವಾಗಿದೆ: ಸಾಕ್ಷಿಯ ಹೇಳಿಕೆ, ದಸ್ತಾವೇಜು, ತೀರ್ಪುಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಬರೆಯಬೇಕು.