ಅಚ್ಚಿನ ತಪ್ಪು ತೆರೆಗೆ ಬಂದಾಗ

ಪೇಪರಿನಲ್ಲಿ ಬಣ್ಣ ಪಕ್ಕಕ್ಕೆ ಸರಿದು, ಒಬ್ಬರಿಗೇ ಎರಡೆರಡು ತುಟಿ ಇರುವಂತೆ ಕಾಣುವ ಫೋಟೊ ನೋಡಿದ್ದೀರಲ್ಲ? ಅಮೆರಿಕದಲ್ಲಿ ಸ್ಪೈಡರ್‌ಮ್ಯಾನ್ ಹುಟ್ಟಿದ್ದು ಅಂಥ ಅಗ್ಗದ ಅಚ್ಚಿನಲ್ಲೇ. 1962ನೇ ಇಸವಿ, ಪುಸ್ತಕದ ಬೆಲೆ 12 ಸೆಂಟ್. ಒರಟು ಕಾಗದ, ನಾಲ್ಕೇ ಶಾಯಿ; ಉಳಿದ ಬಣ್ಣಗಳೆಲ್ಲ ಚುಕ್ಕಿಗಳ ಆಟ.

ಮುಂದೆ ಬಂದ ದೊಡ್ಡ ಸಿನಿಮಾಗಳು ನಿಜದ ನಗರ, ನಿಜದ ನಟರ ಹಿಂದೆ ಹೋದವು. ಚುಕ್ಕಿ ಮರೆತೇಹೋಯಿತು. 2018ರಲ್ಲಿ ‘ಸ್ಪೈಡರ್‌ಮ್ಯಾನ್: ಇಂಟು ದಿ ಸ್ಪೈಡರ್‌ವರ್ಸ್’ ಮಾಡಿದವರು ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ತಂದರು. ದೂರದ ಕಟ್ಟಡ ಮಸುಕಾಗಬೇಕಾದ ಕಡೆ ಬಣ್ಣಗಳನ್ನು ಬೇಕೆಂದೇ ಸರಿಸಿದರು. (ನಾನಂತೂ ಮೊದಲು ಫೋನೇ ಕೆಟ್ಟಿದೆ ಅಂದುಕೊಂಡೆ.) ಕಪ್ಪು-ಬಿಳುಪು ಪತ್ತೇದಾರ, ಜಪಾನಿ ಕಾರ್ಟೂನಿನ ಹುಡುಗಿ, ತಮಾಷೆಯ ಹಂದಿ ಒಂದೇ ಫ್ರೇಮಿಗೆ ಬಂದರೂ ತಂತಮ್ಮ ಶೈಲಿ ಬಿಡಲಿಲ್ಲ. 2019ರಲ್ಲಿ ಆಸ್ಕರ್ ಕೂಡ ಬಂತು.

ನನಗೆ ಅದಕ್ಕಿಂತ ದೊಡ್ಡದು ಕಾಡಿನ ದೃಶ್ಯ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಬಲೆ ಎಸೆದು ಜಿಗಿಯುವ ಅನುಭವಿ ಪೀಟರ್‌ಗೆ 24 ಭಂಗಿ, ಈಗಷ್ಟೇ ಕಲಿಯುತ್ತಿರುವ ಮೈಲ್ಸ್‌ಗೆ ಬರೀ 12. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹುಡುಗ ತಡವರಿಸುತ್ತಿದ್ದಾನೆಂದು ನಮ್ಮ ಕಣ್ಣಿಗೇ ತಿಳಿಯುತ್ತದೆ. ಕೈ ಪಳಗಿದ ಮೇಲೆ ಅವನ ಚಲನೆಯೂ ನಯವಾಗುತ್ತದೆ.